ಹೊತ್ತಿಗೆಗಿಂತ ಒಂದೂವರೆ ಗೇಣು ಕೆಳಗೆ

ಗ್ರಂಥಗಳಿರುವ ಪೆಟ್ಟಿಗೆಯ ಮೇಲೆ ಹಾಸಿಗೆ ಬಿಡಿಸಿ ಮಲಗುವುದು ನನ್ನಿಂದಾಗದು ಎಂದು ಹೇಳಿದಾಗ, ಸಿಂದಗಿಯ ಆ ವೆಲ್ಡರ್ ಕೈಯಲ್ಲಿದ್ದ ಅಳತೆಯ ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟು ನನ್ನನ್ನು ನೆಟ್ಟಗೆ ನೋಡಿದ. ಅವನೆದುರು ಹಳೆಯದೊಂದು ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಒಂದೇ ಅಚ್ಚು, ಎರಡು ಗಾಲಿ. ಬದಿಯ ತಗಡುಗಳನ್ನೆಲ್ಲ ಬಿಚ್ಚಿ ಬರಿಯ ಎಲುಬಿನ ಗೂಡಾಗಿದ್ದ ಗಾಡಿ. ಅದರ ಮೇಲೆ ನನಗೂ ನನ್ನ ಪತ್ನಿಗೂ ನನ್ನ ಗುರುಗಳ ಗ್ರಂಥಗಳಿಗೂ ಒಂದು ಮನೆ ಕಟ್ಟಿಕೊಡು ಎಂದು ಕೇಳಲು ನಾನು ಬಸವನ ಬಾಗೇವಾಡಿಯಿಂದ ಬಸ್ಸು ಹಿಡಿದು ಹೋಗಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು.

"ಅಜ್ಜಾರ, ಗಾಡಿ ಹತ್ತು ಫೂಟ್ ಉದ್ದ, ಆರು ಫೂಟ್ ಅಗಲ," ಎಂದ ಅವನು. "ಇಷ್ಟರಾಗ ಮನಿ ಆಗಬೇಕಂತೀರಿ. ಇಂಥಾದರಾಗ ಸಾಮಾನ ಇಡಾಕ ಜಾಗಾ ಅಂತ ಇರೂದ ಮಂಚದ ಬುಡಕ."

"ಸಾಮಾನ ಇಡಪ್ಪ. ಗ್ರಂಥ ಇಡಬ್ಯಾಡ."

"ಗ್ರಂಥ ಅಂದ್ರ ಸಾಮಾನ ಅಲ್ಲೇನ್ರಿ?"

"ಅಲ್ಲ."

"ತೂಗಿದ್ರ ಎಲ್ಲಾ ಸಾಮಾನಕಿಂತ ಅವ ಜಡ ಅದಾವಲ್ರಿ!"

ಅವನ ಮಾತು ಸುಳ್ಳಾಗಿರಲಿಲ್ಲ. ಆದರೆ ನಿಜವಾದ ಮಾತನ್ನೆಲ್ಲ ಒಪ್ಪಿಕೊಳ್ಳಲೇಬೇಕೆಂಬ ಕಟ್ಟುಪಾಡೇನೂ ನನಗಿರಲಿಲ್ಲ.

ನಾನು ಪಾಠಶಾಲೆಯೊಂದರಲ್ಲಿ ಮೂರು ದಶಕಗಳ ಕಾಲ ಸಂಸ್ಕೃತ ಹೇಳಿಕೊಟ್ಟವನು. ಜೊತೆಗೆ ಶ್ರಾವಣದಿಂದ ಕಾರ್ತಿಕದವರೆಗೆ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಸೀಮೆಯ ಹಳ್ಳಿಗಳಲ್ಲಿ ಊರಿಗೆ ಹನ್ನೊಂದು ದಿನದಂತೆ ಪುರಾಣ ಹೇಳುವುದು ನಮ್ಮ ಮನೆತನದಲ್ಲಿ ನಡೆದು ಬಂದ ಸೇವೆ. ನನಗೆ ಈ ವಿದ್ಯೆಯನ್ನು ಕರುಣಿಸಿದ ಗುರುಗಳು ಕೊನೆಯ ದಿನಗಳಲ್ಲಿ ತಮ್ಮ ಗ್ರಂಥಗಳನ್ನು ನನ್ನ ಮಡಿಲಿಗೆ ಹಾಕಿದರು. ಕೆಂಪು ವಸ್ತ್ರದಲ್ಲಿ ಕಟ್ಟಿದ ಹಳೆಯ ಕಟ್ಟುಗಳು, ರಟ್ಟು ಸವೆದ ಟೀಕಾಗ್ರಂಥಗಳು, ಎಲ್ಲ ಸೇರಿ ನೂರಕ್ಕೆ ಹತ್ತು ಕಡಿಮೆ. ಅವುಗಳೊಂದಿಗೆ ಒಂದು ನೇಮವನ್ನೂ ಕೊಟ್ಟರು: ಪುರಾಣದ ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಬಾಯಿಗೆ ಬಂದ ಉತ್ತರ ಹೇಳಕೂಡದು. ಎದ್ದು ಹೋಗಿ ಮೂಲಗ್ರಂಥವನ್ನು ತಂದು, ಸಭೆಯ ಎದುರಿಗೆ ಬಿಚ್ಚಿ, ಓದಿ ಹೇಳಬೇಕು. ಕೇಳಿದವನು ದೊಡ್ಡವನಿರಲಿ, ದನ ಕಾಯುವವನಿರಲಿ, ನೇಮ ಒಂದೇ.

ವ್ಯಾಸಪೀಠದ ಮೇಲೆ ನಾನಿಟ್ಟುಕೊಂಡು ಓದುತ್ತಿದ್ದುದು ಒಂದು ಸಂಗ್ರಹದ ಹೊತ್ತಿಗೆ ಮಾತ್ರ. ಉಳಿದವೆಲ್ಲ ಪ್ರಶ್ನೆಗಾಗಿ ಕಾದು ಕುಳಿತಿರುತ್ತಿದ್ದವು. ಹಾಗಾಗಿ ನಾನು ಹೋದಲ್ಲಿಗೆ ಅವೂ ಬರಬೇಕಿತ್ತು. ಬಂದಲ್ಲಿ ಅವಕ್ಕೊಂದು ನೆಲೆಯೂ ಬೇಕಿತ್ತು. ಊರವರು ಭಕ್ತಿಯಿಂದ ಕೊಡುತ್ತಿದ್ದ ನೆಲೆಗಳಾದರೂ ಎಂಥವು! ಒಮ್ಮೆ ಶಾಲೆಯ ಪಡಸಾಲೆ, ಒಮ್ಮೆ ಹತ್ತಿಯ ಕೋಣೆ. ಇಂಡಿಯ ಕಡೆ, ನಿಂಬೆಯ ತೋಟಗಳ ನಡುವಿನ ಒಂದು ಊರಿನಲ್ಲಿ, ಗೊಬ್ಬರದ ಚೀಲಗಳನ್ನು ಒಟ್ಟಿದ್ದ ಕೋಣೆ ನಮ್ಮ ಪಾಲಿಗೆ ಬಂತು. ಹಸಿಯಾಗಿದ್ದ ಚೀಲವೊಂದು ರಾತ್ರೋರಾತ್ರಿ ಜರಿದು ಗುರುಗಳ ಎರಡು ಗ್ರಂಥಗಳಿಗೆ ಒರಗಿಕೊಂಡಿತ್ತು. ಬೆಳಿಗ್ಗೆ ನೋಡಿದರೆ ಹಾಳೆಗಳು ಒಂದಕ್ಕೊಂದು ಅಂಟಿ, ಅಂಚಿಗೆ ಬಿಳಿಯ ಉಪ್ಪು ಹೂ ಬಿಟ್ಟಂತೆ ಕಟ್ಟಿಕೊಂಡಿತ್ತು. ಶಿವಪೂಜೆ ಮುಗಿಸಿ, ಅಂಗೈಯ ಲಿಂಗವನ್ನು ಕರಡಿಗೆಗೆ ಬಿಜಯಂಗೈಸುವ ಮುನ್ನವೇ, ಈ ಗ್ರಂಥಗಳು ಇನ್ನೆಂದೂ ಪರರ ನೆಲದ ಮೇಲೆ ಮಲಗವು ಎಂದು ಸಂಕಲ್ಪ ಮಾಡಿದೆ.

ಕೇಳಿದವರೆಲ್ಲ ಒಂದೇ ಬುದ್ಧಿ ಹೇಳಿದರು: ಒಂದು ಹೊತ್ತಿಗೆ ಒಯ್ಯಿರಿ, ಉಳಿದವು ಮನೆಯಲ್ಲಿರಲಿ. ನಾನು ಒಪ್ಪಲಿಲ್ಲ. ಮನೆಯಲ್ಲಿರುವ ಗ್ರಂಥ ಸಭೆಯ ಪ್ರಶ್ನೆಗೆ ಉತ್ತರ ಕೊಡಬಲ್ಲುದೇ? ಗ್ರಂಥ ಮನೆಯಲ್ಲಿರಬೇಕೆಂದರೆ ಮನೆಗೇ ಗಾಲಿ ಬರಲಿ. ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿಗೆ ನಾನು ಹೋದದ್ದು ಹೀಗೆ.

ಮೊದಲ ಗಾಡಿಯನ್ನು ನಾನೇ ನಿಂತು, ನನ್ನ ಹಟದಂತೆಯೇ ಕಟ್ಟಿಸಿದೆ. ಕಬ್ಬಿಣದ ಚೌಕಟ್ಟು, ಹೊರಗೆ ತಗಡು, ಒಳಗೆ ಪ್ಲೈವುಡ್ಡು. ಮುಂದಿನ ಅರ್ಧದಲ್ಲಿ ಮಂಚ. ಅದರ ಕೆಳಗೆ ಜೋಳ, ಬೇಳೆ, ಬಟ್ಟೆಗಳ ಪೆಟ್ಟಿಗೆ. ಹಿಂದಿನ ಒಂದು ಮೂಲೆಯಲ್ಲಿ ಸ್ಟೌವಿನ ಕಟ್ಟೆ, ಇನ್ನೊಂದರಲ್ಲಿ ನೀರಿನ ಪೀಪಾಯಿ. ಗ್ರಂಥಗಳಿಗೆ ಮಾತ್ರ ಎಲ್ಲಕ್ಕಿಂತ ಎತ್ತರದ ಸ್ಥಾನ: ಹಿಂಗೋಡೆಯ ಉದ್ದಕ್ಕೂ, ಛಾವಣಿಗೆ ತಾಗುವಂತೆ, ಎರಡು ಸಾಲು ಅಟ್ಟ. ಕೆಳಗೆ ನಿಂತು ಕೈಮುಗಿದರೆ ಗರ್ಭಗುಡಿಯ ಎದುರು ನಿಂತಂತಾಗುತ್ತಿತ್ತು.

ವೆಲ್ಡರ್ ಆ ಅಟ್ಟಕ್ಕೆ ಬೆಸುಗೆ ಹಾಕುತ್ತಲೇ ಗೊಣಗಿದ. "ಜಡ ಎಲ್ಲಾ ಮ್ಯಾಲೆ ಹಾಕಸ್ತೀರಿ, ಅದೂ ಅಚ್ಚಿನ ಹಿಂದ. ಹಿಂದ ಭಾರ ಆತಂದ್ರ ಮೂಗ ಮ್ಯಾಲೇಳತೈತಿ, ಕೊಂಡಿ ಟ್ರ್ಯಾಕ್ಟರನ ಎತ್ತತೈತಿ, ಬಾಲ ಎಮ್ಮಿ ಬಾಲ ಆದಂಗ ಆಗತೈತಿ. ಆಮ್ಯಾಲೆ ನನಗ ಅನಬ್ಯಾಡ್ರಿ."

"ಅನ್ನೂದಿಲ್ಲ."

"ಅಮ್ಮಾರ, ನೀವರ ಹೇಳ್ರಿ," ಎಂದು ಅವನು ನನ್ನ ಪತ್ನಿಯ ಕಡೆಗೆ ತಿರುಗಿದ. ಆಕೆ ಅಂದು ನನ್ನೊಂದಿಗೆ ಬಂದು, ತನ್ನ ರೊಟ್ಟಿಯ ಹಂಚನ್ನು ಸ್ಟೌವಿನ ಕಟ್ಟೆಯ ಮೇಲೆ ಇಟ್ಟು ತೆಗೆದು ನೋಡುತ್ತಿದ್ದಳು. ಹಂಚು ಕಟ್ಟೆಗಿಂತ ನಾಲ್ಕು ಬೆರಳು ಅಗಲವಾಗಿತ್ತು.

"ನಾ ಏನ ಹೇಳ್ಲೆಪಾ," ಎಂದಳು. "ತೊಂಬತ್ತು ಹೊತ್ತಿಗಿಗೆ ಅಟ್ಟ ಆಗೇತಿ. ಒಂದ ಹಂಚಿಗಿ ಜಾಗಾ ಸಾಲವಲ್ದು. ನಿಮ್ಮ ಅಜ್ಜಾರ ರೊಟ್ಟಿ ಬದಲಿ ಹಾಳಿ ತಿಂತಾರೋ ಏನೋ ಕೇಳು."

ವೆಲ್ಡರ್ ನಗು ತಡೆಯಲು ಕಣ್ಣಿನ ಕಪ್ಪು ಗಾಜನ್ನು ಮುಖಕ್ಕೆ ಎಳೆದುಕೊಂಡ. ನಾನು ನಗಲಿಲ್ಲ. ಹಂಚನ್ನು ಗಾಡಿಯ ಹೊರಗೆ, ಅಚ್ಚಿನ ಪಕ್ಕದಲ್ಲಿ, ಒಂದು ಕೊಕ್ಕೆಗೆ ತೂಗುಹಾಕುವುದೆಂದು ತೀರ್ಮಾನವಾಯಿತು. ತೀರ್ಮಾನ ನನ್ನದು.

ನಮ್ಮ ಸೀಮೆಯಲ್ಲಿ ಪುರಾಣಿಕರನ್ನು ಮುಂದಿನ ಊರಿನವರೇ ಬಂದು ಕರೆದೊಯ್ಯುವುದು ರೂಢಿ. ಹಾಗೆ ಆ ವರ್ಷ ಪ್ರತಿ ಊರೂ ತನ್ನದೊಂದು ಟ್ರ್ಯಾಕ್ಟರ್ ಕಳಿಸಿತು. ಒಂದರ ಕೊಂಡಿ ಎತ್ತರ, ಇನ್ನೊಂದರದು ತಗ್ಗು. ಎತ್ತರದ ಕೊಂಡಿಗೆ ಕಟ್ಟಿದಾಗ ನೆಲ ಹಿಂದಕ್ಕೆ ವಾಲಿ ಪೀಪಾಯಿಯ ನೀರು ಚೆಲ್ಲುತ್ತಿತ್ತು. ತಗ್ಗಿನದಕ್ಕೆ ಕಟ್ಟಿದಾಗ ಬೇಳೆಯ ಡಬ್ಬಿಗಳು ಮುಂದಕ್ಕೆ ಮೆರವಣಿಗೆ ಹೊರಡುತ್ತಿದ್ದವು. ದಾರಿಯಲ್ಲಿ ಗಾಡಿ ಹೊಯ್ದಾಡುತ್ತಿದ್ದುದನ್ನು ನಾನು ಟ್ರ್ಯಾಕ್ಟರಿನ ಪಕ್ಕದಲ್ಲಿ ಕುಳಿತು ಕಂಡಿದ್ದೆ. ಕಂಡೂ ರಸ್ತೆಯನ್ನು ದೂರಿದೆ. "ಸರ್ಕಸ್ ಬಂತು, ಸರ್ಕಸ್!" ಎಂದು ಹೊಲದಲ್ಲಿ ಕಳೆ ತೆಗೆಯುವವರು ಕೂಗಿದರೆ ಪೇಟ ಸರಿಪಡಿಸಿಕೊಂಡು ನೇರವಾಗಿ ಮುಂದೆ ನೋಡುತ್ತಿದ್ದೆ. ಗ್ರಂಥಗಳು ಒಣಗಿದ್ದವು, ಎತ್ತರದಲ್ಲಿದ್ದವು. ನನಗೆ ಅಷ್ಟು ಸಾಕಿತ್ತು.

ಮುದ್ದೇಬಿಹಾಳದ ಕಡೆಯ ಒಂದು ಊರಿಗೆ ಹೋಗುವಾಗ ಹಳ್ಳವೊಂದನ್ನು ದಾಟಬೇಕು. ಸೇತುವೆ ಇಲ್ಲ, ಇಳಿದು ಏರುವ ದಾರಿ. ಹಿಂದಿನ ದಿನದ ಮಳೆಗೆ ಎರೆಮಣ್ಣು ಬೆಣ್ಣೆಯಂತಾಗಿತ್ತು. ಇಳಿಜಾರಿನಲ್ಲಿ ಒಂದು ಗಾಲಿ ಒಂದಿಷ್ಟೇ ಜಾರಿತು. ತಗ್ಗಿನಲ್ಲಿ ಭಾರ ಹೊತ್ತ ಗಾಡಿಯಾಗಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ನಮ್ಮದು ನೆತ್ತಿಯಲ್ಲಿ ಭಾರ ಹೊತ್ತದ್ದು. ಅದು ಎಷ್ಟು ನಿಧಾನವಾಗಿ ವಾಲಿತೆಂದರೆ, ಟ್ರ್ಯಾಕ್ಟರಿನಿಂದ ಇಳಿದು ನಾಲ್ಕು ಹೆಜ್ಜೆ ಓಡಲು ನನಗೆ ಸಮಯ ಸಿಕ್ಕಿತು. ತಡೆಯಲು ಮಾತ್ರ ಸಿಗಲಿಲ್ಲ. ಅಟ್ಟದ ಬಾಗಿಲು ಬಿಚ್ಚಿಕೊಂಡು ಕೆಂಪು ವಸ್ತ್ರದ ಕಟ್ಟುಗಳು ಒಂದರ ಹಿಂದೊಂದು ಹಳ್ಳದ ಕೆಸರಿಗೆ ಬಿದ್ದವು. ಒಳಗೆ ಯಾರೂ ಇರಲಿಲ್ಲ ಎಂಬುದು ಭಗವಂತನ ದಯೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾನು ಕಟ್ಟುಗಳನ್ನು ಎತ್ತಿ ತಲೆಯ ಮೇಲಿಟ್ಟುಕೊಂಡೆ. ಎತ್ತರದಲ್ಲಿಡುವುದೇ ಗೌರವವೆಂದು ನಂಬಿ, ಆ ಗೌರವದಿಂದಲೇ ನಾನು ಅವನ್ನು ಕೆಳಕ್ಕೆ ಬೀಳಿಸಿದ್ದೆ.

ಆ ಹನ್ನೊಂದು ದಿನವೂ ಶಾಲೆಯ ಪಡಸಾಲೆಯಲ್ಲಿ ಹಾಳೆಹಾಳೆಯಾಗಿ ಒಣಗಿಸಿದೆವು. ನನ್ನ ಪತ್ನಿ ಹಾಳೆಗಳ ನಡುವೆ ಬೂದಿ ತೂರಿ, ಹಳೆಯ ಸೀರೆಯಿಂದ ಒತ್ತಿ ತೇವ ತೆಗೆದಳು. ಮೂರು ಗ್ರಂಥಗಳು ಮಾತ್ರ ಉಳಿಯಲಿಲ್ಲ.

ಹೊರಡುವ ದಿನ ಊರಿನ ಹಿರಿಯರೊಬ್ಬರು ಮಾತೆತ್ತಿದರು. ಪುರಾಣದ ಉಸ್ತುವಾರಿ ಅವರದೇ. ಸುತ್ತಲಿನ ಊರುಗಳೂ ಅವರ ಮಾತಿಗೆ ತಲೆದೂಗುತ್ತಿದ್ದವು.

"ಗುರುಗಳ, ಸಿಟ್ಟ ಆಗಬ್ಯಾಡ್ರಿ. ಬರೂ ವರ್ಷ ಒಂದ ಪುಸ್ತಕ ಹಿಡಕೊಂಡ ಬಸ್ಸಿಗಿ ಬಂದ್ಬಿಡ್ರಿ. ಈ ಡಬ್ಬಿ ಎಳಕೊಂಡ ತಿರಗೂದು ನಿಮಗೂ ತ್ರಾಸ, ನಮಗೂ ತ್ರಾಸ. ಪುರಾಣ ಕೇಳಾವರಿಗಿ ಒಂದ ಪುಸ್ತಕ ಸಾಕ್ರಿ."

"ಕೇಳಾವರಿಗಿ ಸಾಕು. ಹೇಳಾವಗ ಸಾಲೂದಿಲ್ಲ."

"ಮತ್ತ ಹಳ್ಳದಾಗ ಬಿದ್ರ?"

"ಬೀಳೂದಿಲ್ಲ."

ಅವರು ಸುತ್ತಲಿದ್ದವರನ್ನು ನೋಡಿ ಮೀಸೆಯೊಳಗೇ ನಕ್ಕರು. "ಆತ ಬಿಡ್ರಿ. ಬರೂ ವರ್ಷ ನಮ್ಮ ಟ್ರ್ಯಾಕ್ಟರ್ ಕಳಸ್ತೇನಿ. ಇದ ಹಳ್ಳ, ಇದ ದಾರಿ. ನೆಟ್ಟಗ ದಾಟಿದ್ರ ನಿಮ್ಮ ಅಷ್ಟೂ ಪುಸ್ತಕ ನಮ್ಮೂರಾಗ ಇರ್ಲಿ. ವಾಲಿದ್ರ ಮಾತ್ರ ಆಮ್ಯಾಲೆ ಒಂದ. ಕಬೂಲ?"

"ಕಬೂಲ," ಎಂದೆ. ಗುರುಗಳ ನೇಮವನ್ನು ಪಣಕ್ಕಿಟ್ಟೆನೆಂಬ ಅರಿವು ಬಾಗೇವಾಡಿಗೆ ಬಂದ ಮೇಲೆ ಆಯಿತು. ಆದರೂ ಆಡಿದ ಮಾತನ್ನು ಹಿಂತೆಗೆದುಕೊಳ್ಳುವ ಆಲೋಚನೆ ಒಮ್ಮೆಯೂ ಸುಳಿಯಲಿಲ್ಲ.

ಚಳಿಗಾಲವೆಲ್ಲ ನಾನು ಸೀಮೆಸುಣ್ಣದಿಂದ ಪಡಸಾಲೆಯ ಮೇಲೆ ಗಾಡಿಯ ಆಕಾರ ಬರೆದು ಅಳಿಸಿದೆ. ಭಾರ ಕೆಳಗಿರಬೇಕು, ಅಚ್ಚಿನ ಮೇಲಿರಬೇಕು. ಗ್ರಂಥ ನನ್ನ ದೇಹಕ್ಕಿಂತ ಕೆಳಗಿರಬಾರದು. ಎರಡೂ ಒಂದೇ ಗಾಡಿಯಲ್ಲಿ ಹೇಗೆ ಕೂಡಬೇಕು? ಒಂದು ಮುಂಜಾನೆ ನೆರೆಮನೆಯವರು ಅಂಗಳದ ಹಗೇವು ತೆರೆದರು. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಆ ಗುಂಡಿಯೊಳಗೆ ಒಬ್ಬ ಆಳು ಇಳಿದು ನಿಂತು, ಬುಟ್ಟಿ ತುಂಬಿ ಮೇಲೆ ಕೊಡುತ್ತಿದ್ದ. ಅವನ ತಲೆ ನಮ್ಮ ಪಾದದ ಮಟ್ಟಕ್ಕಿತ್ತು. ನಾನು ಪೂಜೆಯ ಮಡಿಯಲ್ಲೇ ನಿಂತು ನೋಡಿದೆ. ಗ್ರಂಥ ಮೇಲೇರಬೇಕೆಂದು ಯಾರು ಹೇಳಿದರು? ನಾನು ಕೆಳಗಿಳಿದರಾಯಿತು.

ಮರುದಿನವೇ ಸಿಂದಗಿಗೆ ಹೋದೆ. "ಬರ್ರಿ ಬರ್ರಿ, ಬಿದ್ದದ್ದು ಗೊತ್ತಾತ್ರಿ," ಎಂದು ವೆಲ್ಡರ್ ಸ್ಟೂಲು ಹಾಕಿದ. ನಾನು ಹೇಳಿದ್ದನ್ನು ಕೇಳಿ ಟೇಪನ್ನು ತಿರುಗಿಸುತ್ತ ನಿಂತ.

"ಅಂದ್ರ ಅಚ್ಚಿನ ಮ್ಯಾಲೆ, ಗಾಡಿ ನೆಲಕ್ಕ ಹತ್ತಿ ಪುಸ್ತಕದ ಪೆಟಗಿ. ಅದರ ಮುಂದ ನೆಲಾ ಕೊರದು, ಕೆಳಗ ಒಂದ ತೊಟ್ಟಿ ಜೋತ ಬಿಡೂದು. ನೀವು ಅಮ್ಮಾರು ತೊಟ್ಟಿಯೊಳಗ ಮಕ್ಕೊಳ್ಳೂದು. ಹೌದಲ್ರಿ?"

"ಹೌದು. ಒಂದೂವರಿ ಗೇಣು ಆಳ."

"ತಳದ ಚೌಕಟ್ಟಿನ ಉದ್ದ ಪಟ್ಟಿ ಎರಡೂ ಹೊರಗ ಸರಸಬೇಕಾಗತೈತಿ. ಅಟ್ಟ ಪೂರಾ ತಗೀಬೇಕು. ಮತ್ತ ತಳಾ ಭೂಮಿಗಿ ಹತ್ರ ಬಂತಂದ್ರ ಹಳ್ಳದಾಗ ಕಲ್ಲ ಬಡೀತಾವ. ಎಲ್ಲಿ ಬಡೀತಾವ ಗೊತ್ತೇನ್ರಿ? ನೀವು ಮಕ್ಕೊಳ್ಳೂ ಜಾಗಾಕ್ಕ!"

"ಬಡೀಲಿ. ಪುಸ್ತಕಕ್ಕ ಬ್ಯಾಡ, ನನ್ನ ಬೆನ್ನಿಗಿ ಬಡೀಲಿ."

"ಅಜ್ಜಾರ," ಎಂದ ಅವನು, ಮೊದಲ ಬಾರಿಗೆ ನಗೆಯಿಲ್ಲದೆ, "ಇದ ಬುದ್ಧಿ ಮೊದಲ ಬಂದಿದ್ರ ನನ್ನ ಒಂದ ಪೆಟಗಿ ವೆಲ್ಡಿಂಗ್ ರಾಡ್ ಉಳೀತಿತ್ತು."

ಆದರೆ ತೊಟ್ಟಿ, ಪೆಟ್ಟಿಗೆ ಎರಡೂ ಬಂದ ಮೇಲೆ ಒಳಗೆ ಉಳಿದದ್ದು ಒಬ್ಬರು ತಿರುಗುವಷ್ಟು ಜಾಗ. ಮಂಚ ಹೋದಾಗ ಅದರ ಕೆಳಗಿನ ಉಗ್ರಾಣವೂ ಹೋಯಿತು. ನೀರಿನ ಪೀಪಾಯಿ ಕೊಂಡಿಯ ಹತ್ತಿರ ಹೊರಗೆ ಬಂತು, ಮೂಗು ಏಳದಿರಲೆಂದು. ಕೊಂಡಿಗೆ ಮೂರು ತೂತುಗಳ ಪಟ್ಟಿ ಬಂತು, ಯಾವ ಟ್ರ್ಯಾಕ್ಟರ್ ಬಂದರೂ ನೆಲ ಸಮವಾಗಿರಲೆಂದು. ನನ್ನ ಎರಡನೆಯ ಬಟ್ಟೆಯ ಪೆಟ್ಟಿಗೆ, ಮಡಚುವ ಕುರ್ಚಿ, ಬೆಳಕಿನ ಕಿಟಕಿ, ಇವೆಲ್ಲ ಹೋದವು. ಬದಿಗೋಡೆಯ ಒಂದೇ ಒಂದು ಗೂಡು ನನ್ನ ಮಡಿಬಟ್ಟೆಗೆ ಉಳಿಯಿತು. ಸ್ಟೌವಿನ ಕಟ್ಟೆಗೆ ಎಲ್ಲಿಯೂ ಜಾಗ ದೊರೆಯಲಿಲ್ಲ. ಅದನ್ನು ಹೇಳಲು ನಾನು ಎರಡು ದಿನ ಹಿಂಜರಿದೆ.

"ಒಳಗ ಯಾಕ ಬೇಕ ಅಡಿಗಿ?" ಎಂದಳು ನನ್ನ ಪತ್ನಿ, ನಾನು ಹೇಳಿ ಮುಗಿಸುವ ಮೊದಲೇ. "ಹಿಂದಿನ ಗ್ವಾಡಿಗಿ ಒಂದ ಹಲಗಿ ಹಚ್ಚಾಕ ಹೇಳ್ರಿ, ಬಿಚ್ಚಿದ್ರ ಕಟ್ಟಿ ಆಗೂವಂಗ. ಹೊರಗ ನಿಂತ ಬಡೀತೇನಿ ರೊಟ್ಟಿ. ಗಾಳಿ ಬಂದ್ರ ನಿಮ್ಮ ಪೇಟಾ ಅಡ್ಡ ಹಿಡೀರಿ."

ಹಾಗೆ ಅಡುಗೆಮನೆ ಮನೆಯಿಂದ ಹೊರಗೆ ಹೋಯಿತು. ಹಂಚು ಮಾತ್ರ ಅಚ್ಚಿನ ಪಕ್ಕದ ಕೊಕ್ಕೆಯಲ್ಲೇ ಉಳಿಯಿತು.

ಮುಂದಿನ ಶ್ರಾವಣದಲ್ಲಿ ಮುದ್ದೇಬಿಹಾಳದ ಆ ಹಿರಿಯರು ಮಾತಿನಂತೆ ಟ್ರ್ಯಾಕ್ಟರ್ ಕಳಿಸಿದರು. ಹಳ್ಳದ ಆಚೆ ದಂಡೆಯ ಮೇಲೆ ಅರ್ಧ ಊರು ನಿಂತಿತ್ತು. ಅವರು ಬಂದದ್ದು ಪುರಾಣಿಕನನ್ನು ಎದುರುಗೊಳ್ಳಲು ಎಂದುಕೊಳ್ಳುವಷ್ಟು ಮುಗ್ಧತೆ ನನಗಿರಲಿಲ್ಲ. ನಾನು ಟ್ರ್ಯಾಕ್ಟರಿನಿಂದ ಇಳಿದು, ಪಂಚಾಕ್ಷರಿಯನ್ನು ಜಪಿಸುತ್ತ ಗಾಡಿಯ ಪಕ್ಕದಲ್ಲೇ ನಡೆದೆ. ಹೋದ ವರ್ಷ ಜಾರಿದಲ್ಲೇ ಗಾಲಿ ಮತ್ತೆ ಜಾರಿತು. ಗಾಡಿ ಒಮ್ಮೆ ತೂಗಿತು. ತೂಗಿ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಂತೆ, ತನ್ನ ಭಾರದ ಮೇಲೆ ತಾನೇ ಕುಳಿತಿತು. ಹಳ್ಳದ ನಡುವೆ ಕಲ್ಲೊಂದು ತೊಟ್ಟಿಯ ತಳಕ್ಕೆ ಧಡ್ ಎಂದು ಬಡಿದದ್ದು ಎರಡೂ ದಂಡೆಗೆ ಕೇಳಿಸಿತು. ಆಮೇಲೆ ಟ್ರ್ಯಾಕ್ಟರ್ ಹೊಗೆಯುಗುಳಿ ಏರಿತು. ಅದರ ಹಿಂದೆ ನನ್ನ ಮನೆಯೂ ನೆಟ್ಟಗೆ ಏರಿತು.

"ಹತ್ತಿತ್ರಿ!" ಎಂದು ಯಾರೋ ಕೂಗಿದರು. ಹಿರಿಯರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಒಂದು ಹೊತ್ತಿಗೆ ಸಾಕೆಂಬ ಅವರ ಮಾತು ಸೋತಿತ್ತು, ಆದರೆ ಸುಳ್ಳಾಗಿರಲಿಲ್ಲ. ಗಾಡಿ ಹಳ್ಳ ದಾಟಿದ ಮಾತ್ರಕ್ಕೆ ಗ್ರಂಥಗಳ ಅಗತ್ಯ ಸಿದ್ಧವಾಗುವುದಿಲ್ಲವೆಂದು ನನಗೂ ತಿಳಿದಿತ್ತು.

ನಾಲ್ಕನೆಯ ಸಂಜೆ ನಾನು ಒಬ್ಬ ಬಡಶರಣನ ಕಥೆ ಹೇಳುತ್ತಿದ್ದೆ. ಮನೆಯಲ್ಲಿ ಒಬ್ಬರಿಗಾಗುವಷ್ಟೇ ಅಂಬಲಿ, ಅತಿಥಿ ಬಂದ, ಶರಣ ತನ್ನ ಪಾಲನ್ನು ನೀಡಿ ಉಪವಾಸ ಮಲಗಿದ. ಮೂವತ್ತು ವರ್ಷ ಹೇಳಿದ ಕಥೆ. ಆಗ ಹೆಂಗಸರ ಸಾಲಿನ ಕೊನೆಯಿಂದ ಒಬ್ಬ ಮುದುಕಿ ಎದ್ದು ನಿಂತಳು. ಕುರಿ ಕಾಯುವ ಮನೆತನದಾಕೆ. ಹೆಗಲ ಮೇಲಿನ ಕಂಬಳಿ ಆಕೆಯಷ್ಟೇ ಹಳೆಯದು.

"ಯಪ್ಪಾ, ಒಂದ ಮಾತ ಕೇಳ್ಲೇನ್ರಿ? ಅಂವ ಉಪಾಸ ಮಲಗಿದ, ಖರೆ. ಅವನ ಹೇಂತಿ ಉಂಡ್ಳೇನ್ರಿ?"

ಸಭೆ ಗೊಳ್ಳೆಂದಿತು. "ಕುಂದರಬೇ ಯಕ್ಕಾ, ಕತಿ ಮುಂದ ಹೋಗ್ಲಿ," ಎಂದರು ಹಿರಿಯರು.

"ನೀ ಸುಮ್ಕಿರೋ ತಮ್ಮಾ. ಒಬ್ಬರದ ಅಂಬಲಿ ಇತ್ತಂದ್ರ ಆಕಿ ಪಾಲು ಎಲ್ಲಿ ಹೋತು? ಅದನ್ನ ಕೇಳಾಕತ್ತೇನಿ."

ವ್ಯಾಸಪೀಠದ ಮೇಲಿದ್ದ ಸಂಗ್ರಹದಲ್ಲಿ ಆ ಹೆಂಗಸಿನ ಮಾತೇ ಇರಲಿಲ್ಲ. ನಾನು ಎದ್ದೆ. ಸಭೆಯನ್ನು ಕಾಯಿಸಿ ಗಾಡಿಗೆ ಹೋಗಿ, ಪೆಟ್ಟಿಗೆಯ ಬಲಬದಿಯಿಂದ ಗುರುಗಳ ಹಳೆಯ ಟೀಕೆಯನ್ನು ತೆಗೆದುಕೊಂಡು ಬಂದೆ. ಹೋದ ವರ್ಷ ಕೆಸರಿಗೆ ಬಿದ್ದು, ಬೂದಿಯಿಂದ ಒಣಗಿ ಉಳಿದಿದ್ದ ಗ್ರಂಥ. ಎಲ್ಲರೆದುರು ವಸ್ತ್ರ ಬಿಚ್ಚಿದೆ. ಅಂಚಿನಲ್ಲಿ ಕೆಸರಿನ ಕಲೆಯಿದ್ದ ಪುಟದಲ್ಲಿ ಅದು ಇತ್ತು. ಆಕೆ ಹಿಂದಿನ ದಿನದಿಂದಲೇ ಉಂಡಿರಲಿಲ್ಲ. ತನ್ನ ಪಾಲನ್ನು ಗಂಡನ ಪಾಲಿನಲ್ಲಿ ಬೆರೆಸಿ, ಉಂಡೆನೆಂದು ಹೇಳಿದ್ದಳು. ಅತಿಥಿಗೆ ಹೋದದ್ದು ಅವಳ ಪಾಲಿನ ಅಂಬಲಿಯೂ ಹೌದು. ಗಂಡನಿಗೆ ಅದು ಗೊತ್ತೇ ಇರಲಿಲ್ಲ. ಓದಿ ಮುಗಿಸಿ ನಾನು ಸಭೆಗೆ ಕೈಮುಗಿದೆ. "ಮೂವತ್ತು ವರ್ಷ ನಾ ಈ ಕಥೆ ಅರ್ಧಾ ಹೇಳೇನಿ. ಇವತ್ತ ಈ ತಾಯಿ ಪೂರಾ ಮಾಡಿಸಿದಳು," ಎಂದೆ.

ಮುದುಕಿ "ಹಾಂ, ಹಂಗ ಹೇಳ್ರಿ ಮತ್ತ" ಎಂದು ಕಂಬಳಿ ಕೊಡವಿ ಕುಳಿತಳು. ಆ ಹಿರಿಯರು ಮುಂದೆ ಎಂದೂ ಒಂದು ಹೊತ್ತಿಗೆಯ ಮಾತು ಎತ್ತಲಿಲ್ಲ.

ಪುರಾಣ ಮುಗಿಸಿ ಗಾಡಿಯ ಹತ್ತಿರ ಬಂದಾಗ ನನ್ನ ಪತ್ನಿ ಹಲಗೆ ಬಿಚ್ಚಿ, ಹಂಚಿಗೆ ಮೆತ್ತಿದ್ದ ಹಳ್ಳದ ಕೆಸರಿನ ಕೊನೆಯ ಕಲೆಯನ್ನು ತಿಕ್ಕುತ್ತಿದ್ದಳು. ಪ್ರತಿ ಪಯಣದ ಮೇಲೂ ಹಾಗೆ ತಿಕ್ಕುತ್ತಿದ್ದಳು, ನಾನು ನೋಡಿರಲಿಲ್ಲವೆಂದಲ್ಲ.

"ಕೇಳಿಸ್ತು ನಿಮ್ಮ ಓದು," ಎಂದಳು ತಲೆ ಎತ್ತದೆ. "ಆಕಿ ತನ್ನ ಹಂಚ ಎಲ್ಲಿ ಇಡತಿದ್ಲಂತ ಬರದಾರೇನು ಅದರಾಗ?"

"ಇಲ್ಲ."

"ಹಂಗಾರ ಅದೂ ಪೂರಾ ಪುಸ್ತಕ ಅಲ್ಲ."

ಆ ಪ್ರಶ್ನೆಗೆ ತೆರೆಯಬೇಕಾದ ಮೂಲ ನನ್ನ ಪೆಟ್ಟಿಗೆಯಲ್ಲಿರಲಿಲ್ಲ.

ಕಾರ್ತಿಕ ಮುಗಿದ ಮೇಲೆ ಸಿಂದಗಿಗೆ ಹೋಗಿ, ನನ್ನ ಮಡಿಬಟ್ಟೆಯ ಗೂಡನ್ನು ಅಗಲ ಮಾಡಿ, ಗ್ರಂಥದ ಪೆಟ್ಟಿಗೆಯ ಮಟ್ಟಕ್ಕೇ ತಂದು, ಹಂಚಿಗೆ ಕೊಡು ಎಂದೆ. ಮಡಿಬಟ್ಟೆ ನನ್ನ ಹೆಗಲ ಚೀಲದಲ್ಲಿ ಬರುತ್ತದೆ ಎಂದೂ ಹೇಳಿದೆ.

ವೆಲ್ಡರ್ ತೊಟ್ಟಿಯ ತಳಕ್ಕೆ ಕಲ್ಲು ಬಡಿದು ಎದ್ದಿದ್ದ ಗುಬುಟನ್ನು ಬೆರಳಿನಿಂದ ಸವರಿದ. "ಇದನ್ನ ಬಡದು ಸಪಾಟ ಮಾಡ್ಲೇನ್ರಿ? ಬೆನ್ನಿಗಿ ಒತ್ತತಿರಬೇಕಲ್ರಿ."

"ಒತ್ತತೈತಿ. ಇರ್ಲಿ ಬಿಡು."

ಅವನು ಟೇಪು ಎಳೆದು ಹಂಚಿನ ಅಗಲ ಅಳೆದ. "ಹಂಚೂ ಈಗ ಗ್ರಂಥ ಆತೇನ್ರಿ, ಅಜ್ಜಾರ?"

"ಆತು," ಎಂದೆ. "ಗೂಡು ಹಂಚಿಗಿಂತ ನಾಲ್ಕು ಬೆರಳು ಅಗಲ ಇರ್ಲಿ."